ಜೋಳದ ಹಿಟ್ಟು ಮತ್ತು ಗ್ಲೂಟೆನ್

ಕಮಲನಗರದ ಅಡಿಗೆಮನೆಗಳಲ್ಲಿ ಜೋಳದ ರೊಟ್ಟಿ ಬಡಿಯುವುದನ್ನು ವಾಚಕರು ನೋಡಿರಬಹುದು. ಚಪಾತಿಯ ಕಣಕವನ್ನು ತಣ್ಣೀರಿನಲ್ಲಿ ನಾದಬಹುದು. ಜೋಳದ ಹಿಟ್ಟಿಗಾದರೋ ಕುದಿಯುವ ಎಸರೇ ಬೇಕು. ಕಾರಣವೇನು? ಗೋಧಿಯಲ್ಲಿ ಗ್ಲೂಟೆನ್ ಎಂಬ ಸಸಾರಜನಕವುಂಟು. ನೀರು ಸೇರಿಸಿ ನಾದಿದಾಗ ಅದು ರಬ್ಬರಿನಂತೆ ಹಿಗ್ಗುವ ಬಲೆಯಾಗಿ ಹಿಟ್ಟನ್ನು ಹಿಡಿದಿಡುತ್ತದೆ. ಜೋಳದಲ್ಲಿ ಅದಿಲ್ಲ. ಬಿಸಿನೀರಿನಲ್ಲಿ ಅರೆಬೆಂದ ಪಿಷ್ಟದ ಜಿಗುಟೇ ರೊಟ್ಟಿಗೆ ಆಧಾರ.

ಈ ಕೊರತೆ ಕೆಲವರಿಗೆ ವರವಾಗಿದೆ. ಸೀಲಿಯಕ್ ರೋಗವುಳ್ಳವರು ಗೋಧಿಯನ್ನು ತಿಂದರೆ, ದೇಹದ ರಕ್ಷಣಾವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರವನ್ನು ಘಾಸಿಗೊಳಿಸುತ್ತದೆ; ಉಂಡದ್ದು ಮೈಗೆ ಹತ್ತದು. ಗೋಧಿಗೂ ಈ ರೋಗಕ್ಕೂ ಇರುವ ಸಂಬಂಧವನ್ನು ಹಾಲೆಂಡಿನ ಮಕ್ಕಳ ವೈದ್ಯ ಡಿಕ್ಕೆ 1950ರ ತನ್ನ ಪ್ರಬಂಧದಲ್ಲಿ ತೋರಿಸಿದನು. ಇಂದಿಗೂ ಪಥ್ಯವೇ ಮುಖ್ಯ ಚಿಕಿತ್ಸೆ.

ಹಾಗಾದರೆ ಜೋಳದ ಹಿಟ್ಟೆಲ್ಲವೂ ಇವರಿಗೆ ನಿರಪಾಯವೆ? ಭಾರತದ ನಿಯಮದಂತೆ ‘ಗ್ಲೂಟೆನ್ ರಹಿತ’ ಎಂಬ ಚೀಟಿಯುಳ್ಳ ಆಹಾರದಲ್ಲಿ ಕಿಲೋಗ್ರಾಮಿಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲೂಟೆನ್ ಇರಕೂಡದು. ಗೋಧಿಹಿಟ್ಟಿನಲ್ಲಿ ಸುಮಾರು ಹತ್ತನೆಯ ಒಂದು ಪಾಲು ಗ್ಲೂಟೆನ್ ಎಂದಿಟ್ಟುಕೊಳ್ಳಿ. ಆಗ ಒಂದು ಕಿಲೋಗ್ರಾಂ ಜೋಳದ ಹಿಟ್ಟಿನಲ್ಲಿ 200 ಮಿಲಿಗ್ರಾಂ, ಎಂದರೆ ಒಂದು ಚಿಟಿಕೆ, ಗೋಧಿಹಿಟ್ಟು ಬೆರೆತರೂ ಮಿತಿ ಮುಟ್ಟಿತು! ಗೋಧಿ ಬೀಸಿದ ಗಿರಣಿಗೇ ಜೋಳ ಸುರಿದರೆ, ಕಲ್ಲಿನ ಸಂದಿಯಲ್ಲಿ ಉಳಿದ ಹಿಟ್ಟು ಇದಕ್ಕಿಂತ ಎಷ್ಟೋ ಹೆಚ್ಚಾದೀತು.

ಪೇಟೆಯಲ್ಲಿ ಇಂಥ ಚೀಟಿಯ ಪೊಟ್ಟಣಗಳಿಗೆ ಈಗ ಬೇಡಿಕೆಯುಂಟು, ಬೆಲೆಯೂ ಹೆಚ್ಚು. ಗೋಧಿ ಒಗ್ಗುವವರಿಗೆ ಆ ಚೀಟಿಯಿಂದ ವಿಶೇಷ ಲಾಭವಿಲ್ಲ. ರೋಗಿಗಾದರೋ ಅದು ಪ್ರತ್ಯೇಕ ಗಿರಣಿಗೂ ಪರೀಕ್ಷೆಗೂ ತೆರುವ ಬೆಲೆ. ಊರಿನಲ್ಲಿರುವವರು ಜೋಳವನ್ನು ಆರಿಸಿ, ಬೇರೆ ಧಾನ್ಯ ಸೋಕದ ಬೀಸುಕಲ್ಲಿನಲ್ಲಿ ಬೀಸಿಕೊಳ್ಳಬಹುದು. ರೊಟ್ಟಿ ಬಡಿಯುವಾಗ ಗೋಧಿಹಿಟ್ಟನ್ನು ಉದುರಿಸಬಾರದು.