ಪಗಾರ ಬಂತು, ಕೈಗೆ ಉಳಿಯಿತೇ?

ಕಾಗಲದ ಎಂ.ಐ.ಡಿ.ಸಿ.ಯಲ್ಲಿ, ಇಚಲಕರಂಜಿಯ ಮಗ್ಗಗಳಲ್ಲಿ ನಮ್ಮ ಹುಡುಗ ಹುಡುಗಿಯರು ದುಡಿಯುತ್ತಾರೆ. ಪಗಾರ ಬರುತ್ತದೆ. ಅಷ್ಟಕ್ಕೇ ಸ್ವತಂತ್ರರಾದರೇ?

ಒಬ್ಬ ಹುಡುಗ ಮೊಬೈಲಿಗಾಗಿ 10,000 ರೂಪಾಯಿ ಕೈಸಾಲ ಮಾಡಿದ ಅನ್ನೋಣ. ತಿಂಗಳಿಗೆ ನೂರಕ್ಕೆ 5 ರೂಪಾಯಿ ಬಡ್ಡಿ. ಲೆಕ್ಕ ಹಾಕಿರಿ. ತಿಂಗಳಿಗೆ 500, ವರ್ಷಕ್ಕೆ 6,000. ಅಸಲು ಹಾಗೇ ಉಳಿಯಿತು!

"ಮಾಲಕ ಬೈದ್ರೂ ಕೆಲಸ ಬಿಡಾಕ ಆಗಂಗಿಲ್ಲ, ಅಕ್ಕಾ" ಅಂತಾನೆ. ಸಾಲ ಅವನನ್ನು ಕಟ್ಟಿಹಾಕಿದೆ.

ಅದೇ 500 ಕೂಡಿಟ್ಟರೆ? ವರ್ಷಕ್ಕೆ 6,000 ತನ್ನದೇ. ಒಲ್ಲದ ಕೆಲಸಕ್ಕೆ 'ಒಲ್ಲೆ' ಅನ್ನುವ ಧೈರ್ಯ ಬರುತ್ತದೆ. ಇದೇ ರೊಕ್ಕದ ಸ್ವಾತಂತ್ರ್ಯ.

2014ರಲ್ಲಿ ಜನ ಧನ ಯೋಜನೆ ಬಂತು. ಇದರಲ್ಲಿ ಶಿಲ್ಕು ಇಡದೆಯೂ ಬ್ಯಾಂಕ್ ಖಾತೆ ತೆರೆಯಬಹುದು. ಹೆಣ್ಣುಮಕ್ಕಳೂ ತಮ್ಮ ಹೆಸರಿನಲ್ಲೇ ತೆರೆಯಿರಿ. ಪಾಸ್‌ಬುಕ್ ನೀವೇ ಓದಿರಿ.

ಅಭ್ಯಾಸ: 5,000 ರೂಪಾಯಿ ಸಾಲ. ತಿಂಗಳಿಗೆ ನೂರಕ್ಕೆ 3 ರೂಪಾಯಿ ಬಡ್ಡಿ. ಒಂದು ವರ್ಷದ ಬಡ್ಡಿ ಎಷ್ಟು?