ನೆತ್ತರುಗೊಡಗೆ

ಕನ್ನಡ ನಾಡಿನ ಹಳ್ಳಿಗಳಲ್ಲಿ ಊರ ಮುಂದೆಯೋ ಕೆರೆಯ ಏರಿಯ ಮೇಲೆಯೋ ವೀರಗಲ್ಲುಗಳು ಕಾಣಸಿಗುತ್ತವೆ. ಊರಿನ ತುರುಗಳನ್ನು ಶತ್ರುಗಳಿಂದ ಬಿಡಿಸಲು ಹೋರಾಡಿ ಮಡಿದವರ, ರಣರಂಗದಲ್ಲಿ ಪ್ರಾಣತೆತ್ತವರ ನೆನಪಿನ ಕಲ್ಲುಗಳು ಅವು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗದ ದೃಶ್ಯ, ನಡುವೆ ವೀರನನ್ನು ಕರೆದೊಯ್ಯುವ ದೇವಾಂಗನೆಯರು, ಮೇಲೆ ಶಿವಸಾನ್ನಿಧ್ಯ ಇರುತ್ತವೆ. ಆದರೆ ಹಿಂದಿನವರು ಕಲ್ಲು ನೆಟ್ಟು ಸುಮ್ಮನಾಗಲಿಲ್ಲ. ಮಡಿದವನ ಮನೆಯವರ ಬಾಳುವೆಗೆಂದು ಭೂಮಿಯನ್ನು ದತ್ತಿ ಬಿಡುತ್ತಿದ್ದರು. ಶಾಸನಗಳು ಅದನ್ನು ‘ನೆತ್ತರುಗೊಡಗೆ’ ಎಂದು ಕರೆದಿವೆ. ವೀರನ ಕೀರ್ತಿಗೆ ಕಲ್ಲು; ಅವನನ್ನು ಕಳೆದುಕೊಂಡವರ ಹಸಿವಿಗೆ ಹೊಲ. ಈ ಎರಡೂ ಕೂಡಿದಾಗಲೇ ಋಣ ಸಂದಂತೆ ಎಂಬುದು ಅವರ ತಿಳಿವಳಿಕೆ.

ಇಂದು ಕಾಲ ಬದಲಾಗಿದೆ, ಋಣ ಬದಲಾಗಿಲ್ಲ. 2019ರಲ್ಲಿ ನವದೆಹಲಿಯಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕವು ಉದ್ಘಾಟನೆಯಾಯಿತು. ಸ್ವತಂತ್ರ ಭಾರತಕ್ಕಾಗಿ ಮಡಿದ ಯೋಧರ ಹೆಸರುಗಳನ್ನು ಅಲ್ಲಿ ಕೆತ್ತಲಾಗಿದೆ. ಅದು ಈ ಕಾಲದ ವೀರಗಲ್ಲು. ನೆತ್ತರುಗೊಡಗೆಯ ಸ್ಥಾನದಲ್ಲಿ ನಿಂತಿರುವುದು ಧ್ವಜ ದಿನದ ನಿಧಿ. 1949ರಿಂದ ಪ್ರತಿ ವರ್ಷ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನವನ್ನು ಆಚರಿಸಲಾಗುತ್ತಿದೆ. ಅಂದು ಹಂಚುವ ಪುಟ್ಟ ಧ್ವಜದ ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣಗಳು ಭೂಸೇನೆ, ನೌಕಾಸೇನೆ, ವಾಯುಸೇನೆಗಳ ಸಂಕೇತ. ಸಂಗ್ರಹವಾದ ಹಣವು ಗಾಯಗೊಂಡ ಯೋಧರ ಪುನರ್ವಸತಿಗೆ, ಮಾಜಿ ಸೈನಿಕರ ಹಾಗೂ ಅವರ ಕುಟುಂಬಗಳ ನೆರವಿಗೆ ವಿನಿಯೋಗವಾಗುತ್ತದೆ.

ಸೈನಿಕನಿಗೆ ಈ ನೆರವು ಏಕೆ ಬೇಕು? ಸೈನ್ಯವು ಸದಾ ತರುಣವಾಗಿರಬೇಕು. ಆದುದರಿಂದ ಇತರ ನೌಕರರು ಇನ್ನೂ ದುಡಿಯುತ್ತಿರುವ ವಯಸ್ಸಿನಲ್ಲಿಯೇ ಅನೇಕ ಜವಾನರು ನಿವೃತ್ತರಾಗುತ್ತಾರೆ. ಮಕ್ಕಳ ವಿದ್ಯಾಭ್ಯಾಸ ಮುಗಿದಿರುವುದಿಲ್ಲ, ತಂದೆತಾಯಿಗಳು ವೃದ್ಧರಾಗಿರುತ್ತಾರೆ. ಬಂದೂಕು ಹಿಡಿದ ಕೈ ಹೊಸ ಕಸುಬನ್ನು ಕಲಿಯಬೇಕಾಗುತ್ತದೆ.

ಅಂಥವನಿಗೆ ಬೇಕಾದುದು ಕನಿಕರವಲ್ಲ, ಅವಕಾಶ. ಮುರಳೀಕಾಂತ ಪೇಟ್ಕರ್ ಅವರ ಬಾಳು ಇದಕ್ಕೆ ನಿದರ್ಶನ. 1965ರ ಯುದ್ಧದಲ್ಲಿ ಗುಂಡೇಟು ತಿಂದು ಅಂಗವಿಕಲರಾದ ಈ ಯೋಧರು ಎದೆಗುಂದದೆ ಈಜನ್ನು ಅಭ್ಯಾಸ ಮಾಡಿದರು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ನಡೆದ ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿ ಭಾರತಕ್ಕೆ ಮೊಟ್ಟಮೊದಲ ಚಿನ್ನದ ಪದಕವನ್ನು ಗೆದ್ದುಕೊಟ್ಟರು.

ಕೊಡಗಿನ ವೀರಪುತ್ರ ಕೆ. ಎಂ. ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. 1953ರಲ್ಲಿ ನಿವೃತ್ತರಾದ ಮೇಲೆಯೂ ಅವರು ಜವಾನರನ್ನು ಮರೆಯಲಿಲ್ಲ. ಮಾಜಿ ಸೈನಿಕರ ಹಿತಕ್ಕಾಗಿ ದುಡಿದರು. 1965ರ ಯುದ್ಧದಲ್ಲಿ ವಾಯುಸೇನೆಯಲ್ಲಿದ್ದ ಅವರ ಮಗ ಪಾಕಿಸ್ತಾನದ ಸೆರೆಯಾದನು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಸೇವೆ ಸಲ್ಲಿಸಿದ್ದವರು. ಮಗನನ್ನು ಬಿಟ್ಟುಕಳುಹಿಸಲು ಅವರು ಮುಂದಾದರು. ಒಪ್ಪಿದ್ದರೆ ಮಗ ಮನೆಗೆ ಬರುತ್ತಿದ್ದ. ಆದರೆ ಸೆರೆಯಲ್ಲಿರುವ ಯೋಧರೆಲ್ಲರೂ ತಮ್ಮ ಮಕ್ಕಳೇ, ಒಬ್ಬನಿಗೆ ಮಾತ್ರ ವಿಶೇಷ ಸವಲತ್ತು ಸಲ್ಲದು ಎಂದು ಕಾರ್ಯಪ್ಪನವರು ನಿರಾಕರಿಸಿದರು.

ಎಲ್ಲ ಯೋಧರೂ ತನ್ನ ಮಕ್ಕಳೆಂದು ಒಬ್ಬ ತಂದೆ ಭಾವಿಸಬಲ್ಲವನಾದರೆ, ಯೋಧನ ಮನೆಯವರು ತನ್ನವರೆಂದು ಒಂದು ಊರು ಭಾವಿಸಲಾರದೆ? ಮಾಜಿ ಸೈನಿಕನಿಗೆ ಒಂದು ಕೆಲಸ, ಮಡಿದವನ ಮಗಳಿಗೆ ಓದಿನ ನೆರವು, ಒಂಟಿಯಾದ ತಾಯಿಯ ಕಾಗದಪತ್ರಗಳನ್ನು ಬರೆದುಕೊಡುವ ಕೈ: ಇವು ಇಂದಿನ ನೆತ್ತರುಗೊಡಗೆ. ಇದು ದಾನವಲ್ಲ, ಸಲ್ಲಬೇಕಾದ ಋಣ.