ಏಪ್ರಿಲ್ ಮುಗಿಯುವವರೆಗೆ ಕತ್ತರಿ ಬೇಡ

ಅಕ್ಕಾ, ನಾವಿರುವುದು ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ. ಈ ಸಲದ ಚಳಿಗೆ ನನ್ನ ಹಿತ್ತಲು ಪೂರ್ತಿ ಹೋಯಿತು. ನೆಲದಲ್ಲಿದ್ದ ನಿಂಬೆ, ಅಂಜೂರ, ಮಜ್ಜಿಗೆಹುಲ್ಲು, ಕುಂಡದ ದೊಡ್ಡಪತ್ರೆ, ತುಳಸಿ, ಯಾವುದೂ ಉಳಿದಂತಿಲ್ಲ. ಕರಿಬೇವನ್ನು ಮನೆಯೊಳಗೇ ಇಟ್ಟು ದಿನಾ ನೀರು ಹಾಕಿದೆ, ಆದರೂ ಎಲೆಯೆಲ್ಲ ಉದುರಿ ಬರೀ ಕಡ್ಡಿ ನಿಂತಿದೆ. ತುಳಸಿ ಒಣಗಿದ್ದು ಒಳ್ಳೆಯದಲ್ಲ ಅಂತ ಅತ್ತೆ ಫೋನಿನಲ್ಲಿ ಪೇಚಾಡಿದರು. 'ಇಂಡಿಯನ್ ಸ್ಟೋರಿನಲ್ಲಿ ಎಲ್ಲ ಸಿಗುತ್ತೆ, ಬಿಡು' ಅಂತಾರೆ ಇವರು. ನನ್ನ ಕೈಗುಣವೇ ಸರಿಯಿಲ್ಲವೇನೋ. ಎಲ್ಲ ಕಿತ್ತು ಹೊಸದಾಗಿ ಹಾಕಲೇ, ಇಷ್ಟಕ್ಕೇ ಬಿಡಲೇ?
– ಹೆಸರು ಬೇಡ

ಎರಡೂ ಬೇಡ. ಕತ್ತರಿ, ಗುದ್ದಲಿ ಸದ್ಯಕ್ಕೆ ಗ್ಯಾರೇಜಿನಲ್ಲೇ ಇರಲಿ. ನಿಮ್ಮ ಕಡೆ ಹಿಮದ ಭಯ ಕಳೆಯುವುದು ಮಾರ್ಚ್ ನಡುವಿನ ಹೊತ್ತಿಗೆ. ಪೆಟ್ಟು ತಿಂದ ಗಿಡ ಚಿಗುರಲು ಇನ್ನೂ ಸಮಯ ಬೇಕು. ಯಾವುದು ಸತ್ತಿದೆ, ಯಾವುದು ಬದುಕಿದೆ ಎನ್ನುವುದು ಏಪ್ರಿಲ್ ಕೊನೆಗೇ ಗೊತ್ತಾಗುವುದು. ಅಲ್ಲಿಯವರೆಗೆ ಗೊಬ್ಬರವನ್ನೂ ಹಾಕಬೇಡಿ.

ಕಾಯುವ ತಾಳ್ಮೆಯಿಲ್ಲದಿದ್ದರೆ ಒಂದು ಪರೀಕ್ಷೆ ಮಾಡಿ. ಹೆಬ್ಬೆರಳಿನ ಉಗುರಿನಿಂದ ತೊಗಟೆಯನ್ನು ಅಕ್ಕಿಕಾಳಿನಷ್ಟು ಕೆರೆಯಿರಿ. ಒಳಗೆ ಹಸಿಯಾಗಿ, ಹಸಿರಾಗಿ ಕಂಡರೆ ಜೀವವಿದೆ. ಕಂದಾಗಿ ಒಣಗಿದ್ದರೆ ಒಂದು ಗೇಣು ಕೆಳಗೆ ಮತ್ತೆ ಕೆರೆಯಿರಿ, ಹೀಗೇ ಬುಡದವರೆಗೆ.

ಕರಿಬೇವಿನದು ಬಹುಶಃ ನೀರಿನ ತೊಂದರೆ. ಚಳಿಗಾಲದಲ್ಲಿ ಅದು ಎಲೆ ಉದುರಿಸಿ ನಿದ್ದೆ ಹೋಗುವ ಗಿಡ, ಆಗ ಅದಕ್ಕೆ ಹೆಚ್ಚು ನೀರು ಬೇಡ. ನಾವು 'ಪಾಪ, ಬಾಡಿದೆ' ಅಂತ ಸುರಿಯುತ್ತೇವೆ, ಬೇರು ಕೊಳೆಯುತ್ತದೆ. ಮಣ್ಣಿಗೆ ಎರಡು ಗೆಣ್ಣು ಬೆರಳಿಳಿಸಿ, ಒಣಗಿದ್ದರೆ ಮಾತ್ರ ನೀರು. ರಾತ್ರಿಯ ಉಷ್ಣಾಂಶ 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಯುವುದು ನಿಂತ ಮೇಲೆ ಹೊರಗಿಡಿ, ಮೊದಲ ವಾರ ನೆರಳಿನಲ್ಲಿ. ಕಡ್ಡಿ ಸತ್ತಿದ್ದರೂ ಬೇರಿನಿಂದ ಮರಿ ಏಳಬಹುದು. ಏಳದಿದ್ದರೆ ನಿಮ್ಮೂರಿನ ನರ್ಸರಿಯಲ್ಲೇ ಕೊಳ್ಳಿ. ಅತ್ತೆ ಬರುವಾಗ ಊರಿಂದ ಗಿಡವನ್ನಾಗಲಿ ಎಲೆಯನ್ನಾಗಲಿ ತರಿಸಬೇಡಿ, ಫ್ಲಾರಿಡಾದ ನೆಂಟರಿಂದಲೂ ಬೇಡ. ಕಿತ್ತಳೆ, ನಿಂಬೆ ತೋಟಗಳನ್ನು ಹಾಳುಮಾಡುವ ಸಿಟ್ರಸ್ ಗ್ರೀನಿಂಗ್ ರೋಗವನ್ನು ಹರಡುವ ಪುಟ್ಟ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಅದಕ್ಕೇ ನಿಮ್ಮಲ್ಲಿ ಹೊರಗಿನಿಂದ ಗಿಡ ತರುವುದಕ್ಕೆ ಇಷ್ಟು ಕಟ್ಟುನಿಟ್ಟು.

ನಿಂಬೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಮೋಸವಿದೆ. ಬುಡದಿಂದ ಚಿಗುರು ಬಂತು ಅಂತ ತಕ್ಷಣ ಹಿಗ್ಗಬೇಡಿ. ನರ್ಸರಿಯ ನಿಂಬೆ ಸಾಮಾನ್ಯವಾಗಿ ಕಸಿ ಗಿಡ. ಕಸಿ ಗಂಟಿನ ಮೇಲಿಂದ ಚಿಗುರಿದರೆ ಅದು ನಿಮ್ಮ ನಿಂಬೆ. ಕೆಳಗಿನಿಂದ, ಒಂದೊಂದು ತೊಟ್ಟಿಗೆ ಮೂರು ಮೂರು ಎಲೆಯಾಗಿ, ಮುಳ್ಳುಮುಳ್ಳಾಗಿ ಬಂದರೆ ಅದು ಬೇರುಗಿಡದ್ದು. ಅದರ ಕಾಯಿ ಬಾಯಿಗಿಡುವಂಥದ್ದಲ್ಲ, ನೀರೆರೆದು ಸಾಕಿ ಪ್ರಯೋಜನವಿಲ್ಲ, ಕಿತ್ತುಬಿಡಿ. ಆ ಜಾಗಕ್ಕೆ ಮತ್ತೆ ನಿಂಬೆ ಬೇಡ. ಚಳಿ ತಡೆಯುವ ಸತ್ಸುಮ ಕಿತ್ತಳೆಯಲ್ಲಿ 'ಆರ್ಕ್ಟಿಕ್ ಫ್ರಾಸ್ಟ್' ಎಂಬ ತಳಿಯನ್ನು ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದವರೇ ಶಿಫಾರಸು ಮಾಡಿದ್ದಾರೆ. ದಕ್ಷಿಣಕ್ಕೆ ಮುಖಮಾಡಿದ ಇಟ್ಟಿಗೆ ಗೋಡೆಯ ಪಕ್ಕ ನೆಡಿ. ಹಗಲು ಕಾದ ಗೋಡೆ ರಾತ್ರಿ ಸ್ವಲ್ಪ ಬಿಸಿ ಬಿಡುತ್ತದೆ.

ಅಂಜೂರದ ಚಿಂತೆ ಬಿಡಿ. ನೆಲಮಟ್ಟಕ್ಕೆ ಸತ್ತರೂ ಬೇರಿನಿಂದೇಳುತ್ತದೆ, ಹೊಸ ರೆಂಬೆಯಲ್ಲೇ ಕಾಯಿ ಕಚ್ಚುತ್ತದೆ. ಮಜ್ಜಿಗೆಹುಲ್ಲೂ ಬುಡದಿಂದ ಬರಬಹುದು. ದೊಡ್ಡಪತ್ರೆ ಹೋದಂತೆಯೇ, ಗೆಳತಿಯ ಮನೆಯಿಂದ ಒಂದು ಕುಡಿ ಇಸಕೊಂಡು ಬನ್ನಿ.

ಇನ್ನು ತುಳಸಿ. ಅತ್ತೆಯವರಿಗೆ ಹೇಳಿ: ಹಿಮ ಬೀಳುವ ಊರಿನಲ್ಲಿ ಹೊರಗಿಟ್ಟ ತುಳಸಿ ಒಂದೇ ವರ್ಷದ ಗಿಡ. ಒಣಗದಿದ್ದರೇ ಆಶ್ಚರ್ಯ. ನಮ್ಮೂರಿನ ಬೃಂದಾವನಗಳಲ್ಲೂ ಹಳೆಯದು ಬಡಕಲಾದರೆ ಹೊಸ ಸಸಿ ನೆಡುವುದಿಲ್ಲವೇ? ಒಣಗಿದ ಕದಿರು ಇನ್ನೂ ಕಡ್ಡಿಯ ಮೇಲಿದ್ದರೆ ಕಾಗದದ ಮೇಲೆ ಅಂಗೈಯಲ್ಲಿ ತಿಕ್ಕಿ, ಸಾಸಿವೆಗಿಂತ ಸಣ್ಣ ಬೀಜ ಉದುರುತ್ತದೆ. ಮಣ್ಣು ಬೆಚ್ಚಗಾದ ಮೇಲೆ ಮೇಲ್ಮೇಲೆ ಚೆಲ್ಲಿ, ಹೂಳಬೇಡಿ. ಉತ್ಥಾನ ದ್ವಾದಶಿ ಸಾಮಾನ್ಯವಾಗಿ ನವೆಂಬರಿನಲ್ಲಿ ಬರುತ್ತದೆ. ಅಷ್ಟರಲ್ಲಿ ನೆಲ್ಲಿಕೊಂಬೆ ಜೊತೆಗಿಟ್ಟು ಪೂಜೆ ಮಾಡುವಷ್ಟು ಗಿಡ ಬೆಳೆದಿರುತ್ತದೆ.

ಕೈಗುಣದ ಮಾತೆತ್ತಬೇಡಿ. 2021ರ ಫೆಬ್ರುವರಿ 16ರಂದು ನಿಮ್ಮ ಡಲ್ಲಾಸ್–ಫೋರ್ಟ್‌ವರ್ತ್ ವಿಮಾನ ನಿಲ್ದಾಣದಲ್ಲಿ ಉಷ್ಣಾಂಶ ಸೊನ್ನೆಗಿಂತ 19 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. ಅಂಥ ರಾತ್ರಿಯಲ್ಲಿ ಯಾರ ಕೈಯೂ ನಿಂಬೆಯನ್ನು ಕಾಯಲಾರದು. ಆದರೆ ಇಷ್ಟೊಂದು ಬಗೆ ಬೇಕೇ ಎಂದು ಕೇಳಿಕೊಳ್ಳಿ. ಅಂಜೂರ, ದಾಳಿಂಬೆ, ಪುದೀನ ನಿಮ್ಮಲ್ಲಿಯ ಸಾಮಾನ್ಯ ಚಳಿಯನ್ನು ತಾವೇ ತಡೆಯುತ್ತವೆ, ನೆಲದಲ್ಲಿರಲಿ. ಒಳಗೆ ತರಬೇಕಾದವು ಬಿಸಿಲು ಬೀಳುವ ನಿಮ್ಮ ಒಂದು ಕಿಟಕಿಯ ಮುಂದೆ ಹಿಡಿಸುವಷ್ಟೇ ಇರಲಿ, ಕರಿಬೇವಿನ ಕುಂಡಕ್ಕೆ ಗಾಲಿ ಇರಲಿ. ಕೊತ್ತಂಬರಿ, ಮೆಂತ್ಯವನ್ನು ಈಗ ಬಿತ್ತಿದರೆ ಟೆಕ್ಸಸ್ ಬಿಸಿಲಿಗೆ ಬೇಗ ಹೂಬಿಟ್ಟು ಮುಗಿಯುತ್ತವೆ. ಬೇಸಿಗೆಯ ಮಟ್ಟಿಗೆ ನಿಮ್ಮವರ ಮಾತು ಸರಿ, ಅಂಗಡಿಯದೇ ಸಾಕು. ದಸರಾ ಮುಗಿದ ಮೇಲೆ ಬಿತ್ತಿ.

ಮುಂದಿನ ಚಳಿಗೆ ಕೊರೆಯುವ ರಾತ್ರಿಯ ಹಿಂದಿನ ದಿನ ನೆಲದ ಗಿಡಗಳಿಗೆ ನೀರುಣಿಸಿ, ಒದ್ದೆ ಮಣ್ಣು ಶಾಖ ಹಿಡಿದಿಡುತ್ತದೆ. ಹಳೆಯ ಬೆಡ್‌ಶೀಟನ್ನು ನೆಲ ಮುಟ್ಟುವಂತೆ ಹೊದಿಸಿ. ಪ್ಲಾಸ್ಟಿಕ್ ಬೇಡ, ಅದು ತಾಗಿದ ಕಡೆ ಎಲೆ ಸುಡುತ್ತದೆ. ಬೆಳಿಗ್ಗೆ ಬಿಸಿಲೇರಿದ ಮೇಲೆ ತೆಗೆಯಿರಿ.